ಏಜೆಂಟ್ ಇರಲಿ ತಮ್ಮಾ, ಬಸವಕಲ್ಯಾಣದ ಮನೆ ಯಾರ ಹೆಸರಲ್ಲಿದೆ?

ತಮ್ಮಾ, ನೀನು ಬರೆದದ್ದು ಓದಿದೆ. ಇಂಗ್ಲೆಂಡಿನ ಲೀಡ್ಸ್‌ಗೆ ಬಂದು ವರ್ಷ ದಾಟಿದೆ, ಬಾಡಿಗೆ ಕಟ್ಟಿ ಕಟ್ಟಿ ಬೇಸತ್ತಿದ್ದೀಯ, 2,60,000 ಪೌಂಡಿನ ಒಂದು ಮನೆ ಮನಸ್ಸಿಗೆ ಬಂದಿದೆ. ಏಜೆಂಟ್ ಬಹಳ ಒಳ್ಳೆಯವನು, ಲೋನ್ ಮಾಡಿಸುವವರನ್ನೂ, ಮನೆಯ ಕಾಗದಪತ್ರ ನೋಡುವ ವಕೀಲನಾದ ಸಾಲಿಸಿಟರ್‌ನನ್ನೂ ತಾನೇ ಕೊಡುತ್ತೇನೆ ಅಂದಿದ್ದಾನೆ. ಅವನನ್ನು ನಂಬಬಹುದಾ, ಕಮಿಷನ್ ಎಷ್ಟು, ಒಳ್ಳೆ ಏಜೆಂಟ್‌ನನ್ನು ಗುರುತಿಸೋದು ಹೇಗೆ ಅಂತ ಕೇಳಿದ್ದೀಯ. ಕೊನೆಯಲ್ಲಿ ಸುಮ್ನೆ ಒಂದು ಸಾಲು ಸೇರಿಸಿದ್ದೀಯ: ಬಸವಕಲ್ಯಾಣದ ಮನೆ ಅಪ್ಪನ ಮತ್ತು ನಿನ್ನ ಜಂಟಿ ಹೆಸರಲ್ಲಿದೆ, ಹೊಲ ಮಾರಿ ಅಪ್ಪ ದುಡ್ಡು ಕಳಿಸುತ್ತಾರೆ ಅಂತ. ನನಗೆ ಎದೆ ಧಸಕ್ ಅಂದದ್ದು ಆ ಸಾಲು ಓದಿ. ಅಲ್ಲಿಗೆ ಬರುತ್ತೇನೆ, ಮೊದಲು ಏಜೆಂಟ್ ವಿಷಯ ಮುಗಿಸೋಣ.

ಕಮಿಷನ್ ನೀನು ಕೊಡಬೇಕಿಲ್ಲ. ಇಲ್ಲಿ ಮಾರುವವರು ಕೊಡುತ್ತಾರೆ. ಒಂದು, ಒಂದೂವರೆ ಪರ್ಸೆಂಟ್ ಆಸುಪಾಸು, ಅದರ ಮೇಲೆ 20 ಪರ್ಸೆಂಟ್ ವ್ಯಾಟ್. ಕೊಳ್ಳುವವನಿಗೆ ಪುಕ್ಕಟೆ ಅಂತ ಖುಷಿಪಡಬೇಡ, ಯಾರ ದುಡ್ಡೋ ಅವರ ಕೆಲಸ. ನಮ್ಮ ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ಚಹಾ ಕುಡಿಯುತ್ತಾ ಕೂತ ದಲ್ಲಾಳಿ ಎರಡೂ ಕಡೆ ತೆಗೆದುಕೊಳ್ಳುತ್ತಾನೆ, ಬೈದುಕೊಳ್ಳುತ್ತೇವೆ, ಆದರೆ ಅವನು ನಮ್ಮ ಮಾವನಿಗೋ ಕಾಕಾನಿಗೋ ಗೊತ್ತಿದ್ದವನಾಗಿರುತ್ತಾನೆ, ನಾಳೆ ಯಾವುದೋ ಮದುವೆ ಊಟದಲ್ಲಿ ಎದುರು ಸಿಗುತ್ತಾನೆ, ಆ ಒಂದು ಮುಲಾಜಾದರೂ ಇರುತ್ತದೆ. ಇಲ್ಲಿನ ಏಜೆಂಟ್‌ಗೆ ನಿನ್ನ ಮುಲಾಜಿಲ್ಲ. ನಗುತ್ತಾ ಮಾತಾಡುತ್ತಾನೆ, ಸುಳ್ಳು ಹೇಳೋ ಹಾಗೂ ಇಲ್ಲ, ಆದರೆ ಅವನು ಮಾರುವವರ ಮನುಷ್ಯ.

ಅದಕ್ಕೇ ನಿನ್ನ ಹತ್ತಿರ ಎಷ್ಟಿದೆ, ಎಷ್ಟರ ತನಕ ಹೋಗಬಲ್ಲೆ, ಹೆಂಡತಿಗೆ ಆ ಹಿತ್ತಲು ಎಷ್ಟು ಹಿಡಿಸಿದೆ, ಇದೆಲ್ಲ ಅವನ ಮುಂದೆ ಆಡಬೇಡ. ನಮ್ಮ ಜನಕ್ಕೆ ಇದು ಕಷ್ಟ. ಒಂದು ಕಪ್ ಚಹಾ ಕೊಟ್ಟರೆ ಸಾಕು, ಸಂಬಳದಿಂದ ಹಿಡಿದು ಮನೆಯ ಜಗಳದ ತನಕ ಎಲ್ಲ ಹೊರಗೆ ಬರುತ್ತದೆ. ನನ್ನ ಯಜಮಾನರಂತೂ ಬಜೆಟ್ ಹೇಳಿದ್ದಲ್ಲದೆ, ಇನ್ನೂ ಹತ್ತು ಸಾವಿರ ಜಾಸ್ತಿಯಾದರೂ ಪರವಾಗಿಲ್ಲ ಅಂತ ತಾವೇ ಮುಂದಾಗಿ ಹೇಳಿ ಬಂದಿದ್ದರು!

ಲೋನ್ ಬ್ರೋಕರ್, ಸಾಲಿಸಿಟರ್ ಅವನ ಕಡೆಯವರೇ ಆಗಬೇಕು ಅನ್ನುವ ಕಟ್ಟಳೆ ಇಲ್ಲ. ಇವರನ್ನು ಹಿಡಿದರೆ ಮಾತ್ರ ನಿನ್ನ ಆಫರ್ ಮುಂದೆ ಕಳಿಸುತ್ತೇನೆ ಅನ್ನೋ ಹಾಗೂ ಇಲ್ಲ. ಬಂದ ಆಫರ್ ಎಲ್ಲವನ್ನೂ ಬೇಗನೆ, ಬರೆದು, ಮಾರುವವರಿಗೆ ಮುಟ್ಟಿಸಬೇಕು ಅಂತ ನಿಯಮವಿದೆ. ಅವನು ಹೇಳಿದ ಸಾಲಿಸಿಟರ್‌ನಿಂದ ಅವನಿಗೂ ಸ್ವಲ್ಪ ಸಿಗಬಹುದು, ಎಷ್ಟು ಅಂತ ನೇರವಾಗಿ ಕೇಳು, ಹೇಳಬೇಕಾದದ್ದು ಅವನ ಕರ್ತವ್ಯ. ಇಂಗ್ಲೆಂಡಿನಲ್ಲಿ ಏಜೆಂಟ್ ಆಗೋಕೆ ಲೈಸೆನ್ಸ್ ಬೇಕಿಲ್ಲ, ನಂಬುತ್ತೀಯಾ? ಆದರೆ ದೂರು ಕೇಳುವ ಸಂಸ್ಥೆಯೊಂದರಲ್ಲಿ ಸದಸ್ಯನಾಗಿರಲೇಬೇಕು. ಪ್ರಾಪರ್ಟಿ ಓಂಬುಡ್ಸ್‌ಮನ್ ಅಥವಾ ಪ್ರಾಪರ್ಟಿ ರಿಡ್ರೆಸ್. ಅದನ್ನೊಂದು ನೋಡಿಕೊ. ಮನೆ ಎಷ್ಟಕ್ಕೆ ಹೋಗಬೇಕು ಅನ್ನೋದು ಏಜೆಂಟ್‌ನನ್ನು ಕೇಳಬೇಡ, ಆ ಓಣಿಯಲ್ಲಿ ಹಿಂದಿನ ಮನೆಗಳು ಎಷ್ಟಕ್ಕೆ ಹೋದವು ಅಂತ ಲ್ಯಾಂಡ್ ರಿಜಿಸ್ಟ್ರಿಯೇ ಬಹಿರಂಗವಾಗಿ ಹಾಕುತ್ತದೆ. ನಮ್ಮ ಕಡೆಯ ಹಾಗೆ ರಿಜಿಸ್ಟ್ರಿ ಒಂದು, ಕೈಯಿಂದ ಕೈಗೆ ಇನ್ನೊಂದು ಅನ್ನುವ ಲೆಕ್ಕ ಇಲ್ಲ.

ಆ ಮಾತು ಬಂತು ನೋಡು, ಅಪ್ಪ ಹೊಲ ಮಾರುವಾಗ ಪೂರ್ತಿ ದುಡ್ಡು ಬ್ಯಾಂಕಿನಲ್ಲೇ ಬರಲಿ. ಎಲ್ಲಿಂದ ಬಂತು ಈ ದುಡ್ಡು ಅಂತ ಸಾಲಿಸಿಟರ್ ಒಂದೊಂದು ಕಾಗದ ಕೇಳುತ್ತಾರೆ. ಅಲ್ಲಿಂದ ಒಬ್ಬರು ಒಂದು ಹಣಕಾಸು ವರ್ಷಕ್ಕೆ 2,50,000 ಡಾಲರ್ ತನಕ ಕಳಿಸಬಹುದು, ಅದು ತೊಂದರೆಯಲ್ಲ. ನಗದು ತೊಂದರೆ.

ಈಗ ಆ ಜಂಟಿ ಹೆಸರು. ಮೊದಲ ಸಲ ಮನೆ ಕೊಳ್ಳುವವರಿಗೆ 3,00,000 ಪೌಂಡ್ ತನಕ ಸ್ಟ್ಯಾಂಪ್ ಡ್ಯೂಟಿ ಇಲ್ಲ ಅಂತ ಏಜೆಂಟ್ ಹೇಳಿರುತ್ತಾನೆ. ನಿಜ. ಆದರೆ ಮೊದಲ ಸಲ ಅಂದರೆ ಇಡೀ ಪ್ರಪಂಚದಲ್ಲಿ ಮೊದಲ ಸಲ. ಬಸವಕಲ್ಯಾಣವೂ ಪ್ರಪಂಚದಲ್ಲೇ ಇದೆಯಲ್ವಾ! ಕೊಂಡದ್ದಿರಲಿ, ಉಡುಗೊರೆಯಾಗಿ ಬಂದದ್ದಿರಲಿ, ಹಿರಿಯರಿಂದ ಬಂದದ್ದಿರಲಿ, ಒಂದು ಮನೆಯಲ್ಲಿ ನಿನಗೆ ಎಂದಾದರೂ ಪಾಲು ಬಂದಿದ್ದರೆ ಆ ರಿಯಾಯಿತಿ ಹೋಯಿತು. ಅಷ್ಟೇ ಆದರೆ ಸರಿ, ನಿನ್ನ 2,60,000ಕ್ಕೆ 3,000 ಪೌಂಡ್. ಆ ಪಾಲಿನ ಬೆಲೆ 40,000 ಪೌಂಡ್ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ, ಅಂದರೆ ನಲವತ್ತೈದರಿಂದ ಐವತ್ತು ಲಕ್ಷ ರೂಪಾಯಿ ಆಸುಪಾಸು, ಇದು ನಿನ್ನ ಎರಡನೇ ಮನೆ ಅಂತ ಲೆಕ್ಕ ಹಾಕಿ ಪೂರ್ತಿ ಬೆಲೆಯ ಮೇಲೆ ಇನ್ನೂ 5 ಪರ್ಸೆಂಟ್ ಹಾಕುತ್ತಾರೆ. 13,000 ಪೌಂಡ್. ಒಟ್ಟು 16,000. ಗಂಡ ಹೆಂಡತಿ ಒಂದೇ ಲೆಕ್ಕ, ಹೆಂಡತಿಯ ಹೆಸರಲ್ಲಿ ಅವಳ ತವರಲ್ಲಿ ಏನಿದೆ ಅದನ್ನೂ ಕೇಳು. ಖಾಲಿ ಸೈಟು, ಹೊಲ ಇದಕ್ಕೆ ಬರುವುದಿಲ್ಲ, ಮನೆ ಮಾತ್ರ.

ನಾನು ಇದನ್ನು ಅನುಭವಿಸಿ ಹೇಳುತ್ತಿದ್ದೇನೆ. ಸೂಟ್‌ಕೇಸಿನಲ್ಲಿ ಜೋಳದ ಹಿಟ್ಟು, ಶೇಂಗಾ ಚಟ್ನಿ ತುಂಬಿಕೊಂಡು ಬಂದವಳು ನಾನು, ಬಾಡಿಗೆ ಕೋಣೆಯಲ್ಲಿ ರೊಟ್ಟಿ ಬಡಿದರೆ ಕೆಳಗಿನ ಮನೆಯವರು ಛಾವಣಿ ತಟ್ಟುತ್ತಿದ್ದರು. ಸ್ವಂತ ಮನೆ ಅನ್ನೋದು ನನಗೆ ಆಗ ಹುಚ್ಚೇ ಆಗಿತ್ತು. 2018ರಲ್ಲಿ ರೆಡಿಂಗ್‌ನಲ್ಲಿ 2,80,000ಕ್ಕೆ ಮನೆ ಸಿಕ್ಕಿತು. ಸ್ಟ್ಯಾಂಪ್ ಡ್ಯೂಟಿ ಸೊನ್ನೆ ಅಂತ ಏಜೆಂಟ್ ಹೇಳಿದ್ದಳು, ನಾವು ಆ ಲೆಕ್ಕದಲ್ಲೇ ಇದ್ದೆವು. ಆಫರ್ ಒಪ್ಪಿದ ಮೇಲೆ ಸಾಲಿಸಿಟರ್‌ನ ಫಾರ್ಮ್ ಬಂತು: ಬೇರೆ ಯಾವುದಾದರೂ ದೇಶದಲ್ಲಿ ನಿಮಗೆ ಮನೆ ಇದೆಯೇ? ಕಲಬುರಗಿಯ ಬ್ರಹ್ಮಪುರದಲ್ಲಿ ಅಪ್ಪನ ಮನೆ ಇತ್ತು. ಅವ್ವ ಮೊದಲೇ ಹೋಗಿದ್ದಳು, ಅಪ್ಪ ತೀರಿಕೊಂಡು ಐದಾರು ವರ್ಷವಾಗಿತ್ತು, ಖಾತೆ ಅಣ್ಣನ ಮತ್ತು ನನ್ನ ಹೆಸರಿಗೆ ಆಗಿತ್ತು. ಮೂರು ವರ್ಷದ ಒಳಗೆ ಬಂದ ಅರ್ಧ ಪಾಲಾಗಿದ್ದರೆ ಆ ಹೆಚ್ಚುವರಿ ತೆರಿಗೆ ಬರುತ್ತಿರಲಿಲ್ಲವಂತೆ. ನಮ್ಮದು ಆ ಗಡುವು ದಾಟಿತ್ತು. ಸೊನ್ನೆ ಇದ್ದದ್ದು 12,400 ಪೌಂಡ್ ಆಯಿತು. ಅದರಲ್ಲಿ 8,400 ಎರಡನೇ ಮನೆಯ ಹೆಚ್ಚುವರಿ, ಆಗ ಅದು 3 ಪರ್ಸೆಂಟ್ ಇತ್ತು.

ಮನೆ ನಮ್ಮ ಹೆಸರಿಗೆ ಆಗುವ ದಿನದೊಳಗೆ ಅಲ್ಲಿನ ಪಾಲು ನಿಜವಾಗಿ ನನ್ನದಲ್ಲ ಅಂತಾದರೆ ಆ 8,400 ಉಳಿಯುತ್ತದೆ ಅಂತ ಸಾಲಿಸಿಟರ್ ಅಂದರು. ಕಾಗದದಲ್ಲಿ ಬಿಟ್ಟು ಒಳಗೊಳಗೇ ನಂದೇ ಅನ್ನೋ ಹಾಗಿಲ್ಲ. ಉಳಿದ 4,000 ಕೊಡಲೇಬೇಕು, ಒಮ್ಮೆ ಪಾಲು ಬಂದವಳು ಮತ್ತೆ ಮೊದಲ ಸಲದವಳು ಆಗುವುದಿಲ್ಲ. ನಮ್ಮ ಕೈಯಲ್ಲಿ ಅಷ್ಟು ದುಡ್ಡು ಇರಲಿಲ್ಲ. ಟಿಕೆಟ್ ತೆಗೆದು ಹೋದೆ, ರಿಜಿಸ್ಟ್ರಿ ಆಫೀಸಿನಲ್ಲಿ ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿ, ಸಹಿ ಹಾಕಿ, ಬಂದೆ. ಅಣ್ಣ ಬೇಡ ಅಂದಿದ್ದ, ಅವನನ್ನು ಯಾಕೆ ದೂರಲಿ. ಆದರೆ ಎರಡು ವರ್ಷ ಕಳೆದ ಮೇಲೆ ಅವನಿಗೂ ಕಷ್ಟ ಬಂತು, ಮನೆ ಮಾರಿದ. ನನ್ನ ಸಹಿ ಬೇಕಿರಲಿಲ್ಲ, ಹಾಗಾಗಿ ನನ್ನನ್ನು ಕೇಳಲೂ ಇಲ್ಲ. ಈಗ ಅಲ್ಲಿ ಮೂರು ಅಂತಸ್ತಿನ ಕಾಂಪ್ಲೆಕ್ಸ್. ಶಹಾಬಾದ್ ಫರಸಿಯ ನೆಲ, ಬೇಸಿಗೆ ಮಧ್ಯಾಹ್ನ ನೀರು ಚಿಮುಕಿಸಿ ಬರಿ ನೆಲದ ಮೇಲೆ ಮಲಗುತ್ತಿದ್ದೆವು, ಕಲಬುರಗಿ ಬಿಸಿಲು ಗೊತ್ತಲ್ಲ ನಿನಗೆ. ಈಗ ಶರಣಬಸವೇಶ್ವರ ಜಾತ್ರೆಗೆ ಹೋದರೆ ಲಾಡ್ಜ್‌ನಲ್ಲಿ ಇಳಿಯುತ್ತೇನೆ. ಆಗಿನ ಲೆಕ್ಕಕ್ಕೆ ಏಳೂವರೆ ಲಕ್ಷ ರೂಪಾಯಿ ಉಳಿಸಿದೆ. ರೆಡಿಂಗ್ ಮನೆಯ ಬಗ್ಗೆ ನನಗೆ ಹೆಮ್ಮೆಯಿದೆ, ಸಾಲ ಅರ್ಧ ತೀರಿದೆ, ಆದರೂ ಆ ಏಳೂವರೆ ಲಕ್ಷವನ್ನು ಇನ್ನೂ ಲೆಕ್ಕ ಹಾಕುತ್ತಿರುತ್ತೇನೆ.

ಇದರಲ್ಲಿ ಏಜೆಂಟ್‌ನ ತಪ್ಪು ಇಲ್ಲ ನೋಡು. ನಮ್ಮ ಊರಿನ ಖಾತೆ ನೋಡುವುದು ಅವಳ ಕೆಲಸವೇ ಅಲ್ಲ. ಏಜೆಂಟ್ ಯಾರಾದರೂ ಆಗಲಿ, ಮನೆ ಯಾರ ಕೈಯಲ್ಲಿ ಮಾರಾಟಕ್ಕಿದೆಯೋ ಅವರೇ ಸಿಗುತ್ತಾರೆ, ನೀನು ಆರಿಸಬೇಕಾದ್ದು ಸಾಲಿಸಿಟರ್‌ನನ್ನು. ಬೇರೆ ದೇಶದ ಆಸ್ತಿಯ ವಿಷಯ ನೋಡಿ ಗೊತ್ತಿದ್ದವರು ಬೇಕು. ಸರ್ವೆ, ಅಂದರೆ ಮನೆ ಗಟ್ಟಿಯಾಗಿದೆಯೋ ಅಂತ ನೋಡುವ ಪರೀಕ್ಷೆ, ಅದನ್ನೂ ಬೇರೆ ಮಾಡಿಸು, ಬ್ಯಾಂಕ್ ಮಾಡಿಸೋದು ಅವರ ಸಾಲಕ್ಕೆ ಮನೆ ಸಾಕೋ ಅಂತ ನೋಡೋದಷ್ಟೇ. ಫ್ಲಾಟ್ ಆದರೆ ಲೀಸ್ ಎಷ್ಟು ವರ್ಷ ಉಳಿದಿದೆ, ಸರ್ವಿಸ್ ಚಾರ್ಜ್ ಎಷ್ಟು ಕೇಳು.

ಮುಂದೆ ಮಾರುವಾಗಿನ ಮಾತು ಆಗ ಆಡೋಣ. ಒಂದೇ ಒಂದು: ಮನೆಗೆ ಎಲ್ಲರಿಗಿಂತ ಜಾಸ್ತಿ ಬೆಲೆ ಹೇಳಿದವನಿಗೆ ಮರುಳಾಗಬೇಡ, ಕರಾರಿನಲ್ಲಿ 'ಸೋಲ್ ಸೆಲ್ಲಿಂಗ್ ರೈಟ್ಸ್' ಅಂತಿದ್ದರೆ ಸಹಿ ಹಾಕಬೇಡ. ನೀನೇ ಕನ್ನಡ ಸಂಘದಲ್ಲಿ ಗಿರಾಕಿ ಹುಡುಕಿದರೂ ಅವನಿಗೆ ಕಮಿಷನ್ ಹೋಗುತ್ತದೆ.

ಸದ್ಯಕ್ಕೆ ಅಪ್ಪನಿಗೆ ಫೋನ್ ಮಾಡಿ ಬಸವಕಲ್ಯಾಣದ ಖಾತೆ ನಕಲು ತರಿಸು, ಅಲ್ಲಿನ ವ್ಯಾಲ್ಯೂಯರ್‌ನಿಂದ ನಿನ್ನ ಪಾಲಿನ ಬೆಲೆ ಬರೆಸಿ ಸಾಲಿಸಿಟರ್‌ಗೆ ಕಳಿಸು, ಆಮೇಲೆ ಆಫರ್. ಅವರು ಹಕ್ಕು ಬಿಡುವ ದಾರಿ ಹೇಳಿದರೆ ಅವತ್ತೇ ಸಹಿ ಹಾಕಲು ಹೊರಡಬೇಡ, ಮೊದಲು ನನಗೆ ಹೇಳು. ಶನಿವಾರ ಮನೆಯಲ್ಲಿರುತ್ತೇನೆ, ಭಾನುವಾರ ನನಗೆ ಡ್ಯೂಟಿ.