ಭಾರತದ ಎಚ್‌ಐವಿ ಒಂದೇ ತಳಿಯದಾ?

‘ನಮ್ಮ ದೇಶದಲ್ಲಿ ಎಚ್‌ಐವಿ ಎಷ್ಟು ಬಗೆ ಇದೆ? ಬಗೆ ಬೇರೆಯಾದರೂ ಎಲ್ಲರಿಗೂ ಒಂದೇ ಮಾತ್ರೆ ಕೊಡುತ್ತಾರಲ್ಲ, ಅದು ನಾಟುತ್ತಾ? ವೈರಸ್ಸಿನ ಜೀನ್ ಪರೀಕ್ಷೆ ಮಾಡಿಸಿದರೆ ಗಂಡ ಹೆಂಡತಿಯಲ್ಲಿ ಯಾರಿಂದ ಯಾರಿಗೆ ಬಂತು ಅಂತ ಗೊತ್ತಾಗುತ್ತಾ?’ ಅಂತ ಕೇಳಿದ್ದೀರಿ. ವೈರಸ್ಸಿನ ಜೀನ್ ಓದುವ ಲ್ಯಾಬಿನಲ್ಲಿ ಕೆಲವು ವರ್ಷ ಕೆಲಸ ಮಾಡಿದವನು ನಾನು. ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರಿಸಲೇಬೇಕು ಅನ್ನಿಸಿ ಬರೆಯುತ್ತಿದ್ದೇನೆ.

ಜಗತ್ತಿನಲ್ಲಿ ಹರಡಿರುವ ಎಚ್‌ಐವಿ-1ರಲ್ಲಿ ಎ, ಬಿ, ಸಿ, ಡಿ ಎಂದು ಹಲವು ಉಪತಳಿಗಳಿವೆ. ಅಮೆರಿಕ, ಯುರೋಪಿನಲ್ಲಿ ಹೆಚ್ಚಾಗಿ ಬಿ. ದಕ್ಷಿಣ ಆಫ್ರಿಕಾ, ಇಥಿಯೋಪಿಯಾ ಮತ್ತು ನಮ್ಮಲ್ಲಿ ಸಿ. ಕ್ಯಾಮರೂನಿನಂಥ ದೇಶದಲ್ಲಿ ಹತ್ತಾರು ಬಗೆ ಒಟ್ಟಿಗೇ ಸಿಗುತ್ತವೆ, ಏಕೆಂದರೆ ಈ ವೈರಸ್ ಚಿಂಪಾಂಜಿಗಳಿಂದ ಮನುಷ್ಯರಿಗೆ ದಾಟಿದ್ದೇ ಆ ಸೀಮೆಯಲ್ಲಿ. ಭಾರತಕ್ಕೆ ಅದು ತಡವಾಗಿ ಬಂತು. 1986ರಲ್ಲಿ ಚೆನ್ನೈನಲ್ಲಿ ಡಾ. ಸುನೀತಿ ಸೊಲೊಮನ್ ಮತ್ತು ಅವರ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ಮೊದಲ ಸೋಂಕುಗಳನ್ನು ಪತ್ತೆ ಹಚ್ಚಿದರು. ಬಂದ ಬೀಜ ಕೆಲವೇ, ಹೊಲ ದೊಡ್ಡದು. ಹಾಗಾಗಿ ಇಂದಿಗೂ ಇಲ್ಲಿನ ಬಹುಪಾಲು ಸೋಂಕು ಸಿ ತಳಿಯದೇ.

ಮಣಿಪುರದ ಕಥೆ ಬೇರೆ. ಮ್ಯಾನ್ಮಾರ್ ಗಡಿ ದಾಟಿ ಬರುವ ಹೆರಾಯಿನ್ ಹಾದಿಯಲ್ಲಿ, ಹಂಚಿಕೊಂಡ ಸೂಜಿಗಳ ಮೂಲಕ, ಥಾಯ್ಲೆಂಡಿನ ಕಡೆಯ ಬಿ ತಳಿಯೂ ಅಲ್ಲಿಗೆ ಬಂದಿದೆ. ಒಬ್ಬರ ದೇಹದಲ್ಲಿ, ಒಂದೇ ಜೀವಕೋಶದೊಳಗೆ ಬಿ ಮತ್ತು ಸಿ ಎರಡೂ ಸೇರಿದರೆ ಕಲಬೆರಕೆ ಹುಟ್ಟುತ್ತದೆ. ಪ್ರತಿ ವೈರಸ್ ಕಣದಲ್ಲಿ ಅದರ ಜೀನುಗಳನ್ನು ಹೊತ್ತ ಎರಡು ಆರ್‌ಎನ್‌ಎ ಎಳೆ ಇರುತ್ತವೆ. ನಕಲು ಮಾಡುವ ಕಿಣ್ವ ಒಂದು ಎಳೆಯಿಂದ ಇನ್ನೊಂದಕ್ಕೆ ಜಿಗಿಯುತ್ತದೆ. ಅರ್ಧ ಬಿ, ಅರ್ಧ ಸಿ. ಅಂಥ ಮಿಶ್ರತಳಿಗಳು ಈಶಾನ್ಯದಲ್ಲಿ ಸಿಕ್ಕಿವೆ.

ಸಿ ತಳಿಯೂ ಸುಮ್ಮನೆ ಕೂತಿಲ್ಲ. ವೈರಸ್ಸಿನ ಜೀನುಗಳನ್ನು ಚಾಲೂ ಮಾಡುವ ಸ್ವಿಚ್ಚಿನಂಥ ಒಂದು ಭಾಗ ಬಿ ತಳಿಯಲ್ಲಿ ಸಾಮಾನ್ಯವಾಗಿ ಎರಡು, ಸಿ ತಳಿಯಲ್ಲಿ ಮೂರು ಇರುತ್ತವೆ. ನಾಲ್ಕು ಇರುವ ವೈರಸ್ ಭಾರತದಲ್ಲಿ ಕಾಣಿಸಿಕೊಂಡಿರುವುದನ್ನು ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರು ವಿಜ್ಞಾನ ಸಂಶೋಧನಾ ಕೇಂದ್ರದಲ್ಲಿ ಉದಯಕುಮಾರ್ ರಂಗ ಅವರ ತಂಡ ತೋರಿಸಿತು. ನಮ್ಮ ಊರಿನಲ್ಲೇ ಇಂಥ ಕೆಲಸ ನಡೆಯುತ್ತಿರುವುದು ನನಗೆ ನಿಜವಾಗಿ ಹೆಮ್ಮೆ.

ಇನ್ನು ಮಾತ್ರೆ. ಈಗ ಎಆರ್‌ಟಿ (ಎಚ್‌ಐವಿ ಚಿಕಿತ್ಸೆ) ಕೇಂದ್ರಗಳಲ್ಲಿ ಹೆಚ್ಚಿನವರಿಗೆ ಕೊಡುವ ಟಿಎಲ್‌ಡಿ, ಅಂದರೆ ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ ಮಾತ್ರೆ, ಎ, ಬಿ, ಸಿ ಎಂದು ಭೇದ ಮಾಡುವುದಿಲ್ಲ. ಅದರಲ್ಲಿರುವ ಡೊಲುಟೆಗ್ರಾವಿರ್, ಎಚ್‌ಐವಿಯ ಇನ್ನೊಂದು ಅಪರೂಪದ ಬಗೆಯಾದ ಎಚ್‌ಐವಿ-2ಕ್ಕೂ ನಾಟುತ್ತದೆ. ಹಿಂದೆ ಕೊಡುತ್ತಿದ್ದ ನೆವಿರಪಿನ್, ಎಫಾವಿರೆಂಜ್ ಔಷಧಿಗಳು ಎಚ್‌ಐವಿ-2ಕ್ಕೆ ನಾಟುತ್ತಿರಲಿಲ್ಲ.

ದಯವಿಟ್ಟು ಇದನ್ನು ಗಮನವಿಟ್ಟು ಓದಿ. ನಿಮ್ಮ ಚಿಕಿತ್ಸೆಗೆ ಮುಖ್ಯವಾದದ್ದು ದೇಶದ ತಳಿಗಿಂತ ನಿಮ್ಮ ಮೈಯೊಳಗೆ ಹುಟ್ಟುವ ವ್ಯತ್ಯಾಸ. ಚಿಕಿತ್ಸೆ ಇಲ್ಲದವರ ದೇಹದಲ್ಲಿ ದಿನಕ್ಕೆ ಸಾವಿರ ಕೋಟಿಯಷ್ಟು ಹೊಸ ಕಣ ಹುಟ್ಟುತ್ತವೆ. ನಕಲು ಮಾಡುವ ಕಿಣ್ವಕ್ಕೆ ತಪ್ಪು ತಿದ್ದುವ ಶಕ್ತಿಯಿಲ್ಲ. ವೈರಸ್ಸಿನ ಜೀನುಗಳ ಸುಮಾರು 9,700 ಅಕ್ಷರಗಳಲ್ಲಿ ಒಂದೇ ಒಂದು ಅಕ್ಷರ, ಸರಿಯಾದ ಜಾಗದಲ್ಲಿ ಬದಲಾದರೆ ಸಾಕು, ಲ್ಯಾಮಿವುಡಿನ್ ಕೈಕೊಡುತ್ತದೆ. ಮಾತ್ರೆ ಬಿಟ್ಟು ಬಿಟ್ಟು ತೆಗೆದುಕೊಂಡಾಗ ಇಂಥ ವೈರಸ್ಸೇ ಉಳಿದು ಬೆಳೆಯುವುದು. ಹಾಗಾಗಿ ರಕ್ತದಲ್ಲಿ ವೈರಸ್ ಎಷ್ಟಿದೆ ಎಂದು ಅಳೆಯುವ ವೈರಲ್ ಲೋಡ್ ಪರೀಕ್ಷೆ ತಪ್ಪಿಸಬೇಡಿ, ಬಾಕಿಯಿದ್ದರೆ ಕೇಳಿ ಮಾಡಿಸಿಕೊಳ್ಳಿ.

ಕೊನೆಯ ಪ್ರಶ್ನೆಗೆ ಉತ್ತರ: ಗೊತ್ತಾಗುವುದಿಲ್ಲ. ಇಬ್ಬರದೂ ಸಿ ಎಂದು ಬಂದರೆ ಅದರಿಂದ ಏನೂ ತಿಳಿಯದು, ದೇಶದ ಬಹುತೇಕರದೂ ಅದೇ. ಎರಡೂ ವೈರಸ್ ತುಂಬ ಹತ್ತಿರದವೆಂದು ಬಂದರೂ ಇವರಿಂದ ಅವರಿಗೋ, ಅವರಿಂದ ಇವರಿಗೋ, ಇಬ್ಬರಿಗೂ ಮೂರನೆಯವರಿಂದಲೋ ಎಂದು ಖಚಿತವಾಗಿ ಹೇಳಲಾಗದು. ಮೊದಲು ಯಾರ ರಿಪೋರ್ಟ್ ಪಾಸಿಟಿವ್ ಬಂತು ಎಂಬುದೂ ಸಾಕ್ಷಿಯಲ್ಲ. ನಮ್ಮಲ್ಲಿ ಎಷ್ಟೋ ಹೆಣ್ಣುಮಕ್ಕಳಿಗೆ ಗೊತ್ತಾಗುವುದೇ ಬಸಿರಿನಲ್ಲಿ ಮಾಡುವ ರಕ್ತಪರೀಕ್ಷೆಯಿಂದ. ಮೊದಲು ಪರೀಕ್ಷೆಯಾದದ್ದು ಅವಳಿಗೆ ಎಂಬುದಷ್ಟೇ ಅದರ ಅರ್ಥ. ಮನೆಯಲ್ಲಿ ಯಾರಾದರೂ ನಿಮ್ಮತ್ತ ಬೆರಳು ತೋರಿಸಿದರೆ ಈ ಉತ್ತರವನ್ನೇ ಅವರಿಗೆ ಓದಿ ಹೇಳಿ.