ಕಂಪನಿಯ ಫಸ್ಟ್ ಏಡ್ ಟ್ರೈನಿಂಗ್‌ಗೆ ಹೆಸರು ಕೊಡಬೇಕಾ?

ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ಕಂಪನಿಗೆ ಹೊಸದಾಗಿ ಸೇರಿದ್ದೇನೆ, ಫಸ್ಟ್ ಏಡ್ ಟ್ರೈನಿಂಗ್‌ಗೆ ಹೆಸರು ಕೊಡಿ ಅಂತ ಎಚ್‌ಆರ್ ಕೇಳುತ್ತಿದ್ದಾರೆ, ಅಲ್ಲಿ ಏನು ಕಲಿಸುತ್ತಾರೆ, ಯೂಟ್ಯೂಬ್ ನೋಡಿಕೊಂಡರೆ ಸಾಲದಾ ಅಂತ ಕೇಳಿದ್ದೀರಿ. ಸಾಲದು. ಹೆಸರು ಕೊಡಿ.

ನಾನು ಹೂಟಗಳ್ಳಿ ಕಡೆ ಒಂದು ಫ್ಯಾಕ್ಟರಿಯಲ್ಲಿ ಮೆಂಟೆನೆನ್ಸ್‌ನಲ್ಲಿದ್ದೇನೆ. ನಮ್ಮಲ್ಲಿ ಈ ಟ್ರೈನಿಂಗ್ ಆಗಿದೆ, ನಾನೂ ಮುಗಿಸಿದ್ದೇನೆ. ಅಲ್ಲಿ ಹೊಸದಾಗಿ ಕಲಿತದ್ದಕ್ಕಿಂತ, ಚಿಕ್ಕಂದಿನಿಂದ ಮಾಡಿಕೊಂಡು ಬಂದದ್ದನ್ನು ಬಿಡೋಕೆ ಕಲಿತದ್ದೇ ಜಾಸ್ತಿ.

ಟ್ರೈನರ್ ಮೇಡಂ ಬಂದವರೇ ಪ್ರಶ್ನೆ ಕೇಳೋಕೆ ಶುರು ಮಾಡಿದರು. ಬೆರಳು ಕುಯ್ದುಕೊಂಡರೆ ಏನು ಹಾಕ್ತೀರಿ? ಕ್ಯಾಂಟೀನಿನವರು ಅರಿಶಿನ ಅಂದರು, ಪ್ರೆಸ್ ಶಾಪಿನ ಹುಡುಗರು ಕಾಫಿಪುಡಿ ಅಂದರು. ಸುಟ್ಟರೆ? ಟೂತ್‌ಪೇಸ್ಟ್. ಫಿಟ್ಸ್ ಬಂದರೆ? ಕೈಗೆ ಬೀಗದ ಕೈ ಕೊಡೋದು. ಇಡೀ ಹಾಲ್‌ನಲ್ಲಿ ಎಲ್ಲರದೂ ಅದೇ ಉತ್ತರ.

ಗಾಯಕ್ಕೆ ಪುಡಿ ಹಾಕಿದರೆ ಡಾಕ್ಟರ್ ಹೊಲಿಗೆ ಹಾಕೋ ಮುಂಚೆ ಅದನ್ನೆಲ್ಲ ಉಜ್ಜಿ ತೆಗೆಯಬೇಕು. ಶುಭ್ರವಾದ ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿ ಹಿಡಿದರೆ ಸಾಕು. ರಕ್ತ ನಿಂತಿತಾ ಅಂತ ಪದೇಪದೇ ಎತ್ತಿ ನೋಡಬಾರದು. ಸುಟ್ಟ ಜಾಗವನ್ನು ನಲ್ಲಿ ನೀರಿನ ಕೆಳಗೆ 20 ನಿಮಿಷ ಹಿಡಿಯಬೇಕು, ಐಸ್ ಬೇಡ, ಪೇಸ್ಟ್ ಬೇಡ, ಊದಿಕೊಳ್ಳುವ ಮೊದಲೇ ಉಂಗುರ, ಬಳೆ, ವಾಚು ತೆಗೆದುಬಿಡಬೇಕು. ಇನ್ನು ಫಿಟ್ಸ್ ಬಂದಾಗ ಕಬ್ಬಿಣ ಕೊಟ್ಟಿದ್ದಕ್ಕೆ ನಿಂತಿತು ಅಂದುಕೊಳ್ಳುತ್ತೇವೆ, ನಿಜಕ್ಕೂ ಹೆಚ್ಚಿನ ಸಲ ಅದು ಒಂದೆರಡು ನಿಮಿಷದಲ್ಲಿ ತಾನಾಗೇ ನಿಲ್ಲುತ್ತದೆ. ಕೈಕಾಲು ಅದುಮಿ ಹಿಡಿಯಬಾರದು, ಬಾಯಿಗೆ ಏನೂ ತುರುಕಬಾರದು. ಸುತ್ತ ತಗಲುವಂಥದ್ದನ್ನು ಸರಿಸಿ, ತಲೆ ಕೆಳಗೆ ಮೆತ್ತಗೆ ಏನಾದರೂ ಇಟ್ಟು, ನಿಂತ ಮೇಲೆ ಪಕ್ಕಕ್ಕೆ ಮಗ್ಗುಲು ಮಾಡಿ ಮಲಗಿಸಬೇಕು. 5 ನಿಮಿಷ ದಾಟಿದರೆ ಆಂಬುಲೆನ್ಸ್. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕೋದಂತೂ ಬೇಡವೇ ಬೇಡ, ಅದು ಶ್ವಾಸನಾಳಕ್ಕೆ ಹೋಗುತ್ತದೆ.

ಸಿಪಿಆರ್, ಅಂದರೆ ಹೃದಯ ನಿಂತವರಿಗೆ ಎದೆ ಒತ್ತಿ ಉಸಿರು ಕೊಡೋದು, ಕಲಿಯೋಕೆ ಮಾತ್ರ ಡಮ್ಮಿ ಬೊಂಬೆ ಮೇಲೆ ಕೈ ಇಡಲೇಬೇಕು. ಎದೆಯ ನಡುವೆ ಅಂಗೈ ಬುಡ ಇಟ್ಟು, ಮೊಣಕೈ ಮಡಚದೆ, 5ರಿಂದ 6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಓದೋಕೆ ಸುಲಭ. ನಮ್ಮ ಡಮ್ಮಿ ಸರಿಯಾಗಿ ಒತ್ತಿದರೆ ಟಕ್ ಅನ್ನುತ್ತಿತ್ತು, ದಿನವೂ ಮೂಟೆ ಎತ್ತುವ ಸ್ಟೋರ್ಸ್ ಹುಡುಗನಿಗೂ ಮೊದಮೊದಲು ಅದು ಟಕ್ ಅನ್ನಲಿಲ್ಲ, ಯಾಕೆಂದರೆ ಅವನು ತೋಳಿನ ಬಲದಲ್ಲಿ ಒತ್ತುತ್ತಿದ್ದ, ಭುಜ ಮುಂದಕ್ಕೆ ತಂದು ಮೈಭಾರವನ್ನೇ ಬಿಡಬೇಕು ಅಂತ ಮೇಡಂ ಬೆನ್ನು ಹಿಡಿದು ತೋರಿಸಿದ ಮೇಲೆ ಸರಿಹೋಯಿತು. ಪ್ರತಿ ಸಲ ಎದೆ ಪೂರ್ತಿ ಮೇಲೆ ಬರೋಕೆ ಬಿಡಬೇಕು. ಎಣಿಸೋದರಲ್ಲೂ ಒಂದು ವಿಷಯ ಇದೆ. ಇಪ್ಪತ್ತೊಂದು, ಇಪ್ಪತ್ತೆರಡು ಅಂತ ಹೋದರೆ ಉಚ್ಚಾರ ಉದ್ದವಾಗಿ ಕೈ ನಿಧಾನವಾಗುತ್ತದೆ. ಅದಕ್ಕೇ ಮೇಡಂ ಒಂದರಿಂದ ಹತ್ತನ್ನು ಮೂರು ಸಲ ಜೋರಾಗಿ ಹೇಳಿಸಿದರು. 30 ಒತ್ತು, 2 ಉಸಿರು. ಉಸಿರು ಕೊಡೋಕೆ ಬರದಿದ್ದರೆ ಬರೀ ಒತ್ತುತ್ತಲೇ ಇರಿ. ಎರಡು ನಿಮಿಷಕ್ಕೆ ಬೆವರು ಇಳಿಯುತ್ತದೆ, ಆಗ ಇನ್ನೊಬ್ಬರು ಕೂರಬೇಕು. ಒಬ್ಬರಿಗೆ ಮಾತ್ರ ಟ್ರೈನಿಂಗ್ ಇದ್ದರೆ ಸಾಲದು ಅನ್ನೋದು ಇದಕ್ಕೇ. ಕೆಆರ್‌ಎಸ್ ರಸ್ತೆಯಲ್ಲಿ ಜಯದೇವ ಹೃದ್ರೋಗ ಆಸ್ಪತ್ರೆ ಹತ್ತಿರವೇ ಇದೆ ಅಲ್ವಾ ಅನ್ನಬೇಡಿ. ಹೃದಯ ನಿಂತವರಿಗೆ 108 ಬರುವ ತನಕದ ಆ ಕೆಲವು ನಿಮಿಷವೇ ಮುಖ್ಯ.

ಮಂಡ್ಯ ಕಡೆಯಿಂದ ಕಂಪನಿ ಬಸ್ಸಿನಲ್ಲಿ ಬರುವ ನಮ್ಮವರು ಹಾವಿನ ಬಗ್ಗೆ ಬಹಳ ಕೇಳಿದರು. ಕಬ್ಬಿನ ಗದ್ದೆ ಇರುವ ಕಡೆ ಕೇಳಲೇಬೇಕಾದ ಪ್ರಶ್ನೆ ಅದು. ಹಗ್ಗ ಕಟ್ಟಬಾರದು, ಬ್ಲೇಡಿನಲ್ಲಿ ಕುಯ್ಯಬಾರದು, ಬಾಯಲ್ಲಿ ಎಳೆಯಬಾರದು. ಕಚ್ಚಿದ ಕಾಲು ಅಲ್ಲಾಡದ ಹಾಗೆ ಇಟ್ಟು ನೇರ ಮಂಡ್ಯದ ಮಿಮ್ಸ್ ಆಸ್ಪತ್ರೆಗೋ ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಕರೆದುಕೊಂಡು ಹೋಗಿ. ಹಾವು ಹಿಡಿಯೋಕೆ ಹೊತ್ತು ಕಳೆಯಬೇಡಿ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕಕ್ಕೂ ಇಲ್ಲಿ ಕೊಡೋದು ಒಂದೇ ಇಂಜೆಕ್ಷನ್.

ರಸ್ತೆಯಲ್ಲಿ ಬಿದ್ದವರನ್ನು ಮುಟ್ಟಿದರೆ ಪೊಲೀಸ್ ಕೇಸು ಅಂತ ಹೆದರುವವರು ಈಗಲೂ ಇದ್ದಾರೆ. ಸಹಾಯ ಮಾಡಿದವರಿಗೆ ತೊಂದರೆ ಕೊಡಬಾರದು ಅಂತ 2016ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ, 2019ರಲ್ಲಿ ಮೋಟಾರು ವಾಹನ ಕಾಯ್ದೆಗೂ ಅದು 134ಎ ಸೆಕ್ಷನ್ ಆಗಿ ಸೇರಿತು.

ಇದು ಕಂಪನಿ ನಿಮಗೆ ಮಾಡುತ್ತಿರುವ ಉಪಕಾರ ಅಂತಲೂ ಅಂದುಕೊಳ್ಳಬೇಡಿ. 150 ಕೆಲಸಗಾರರಿಗೆ ಒಂದಾದರೂ ಫಸ್ಟ್ ಏಡ್ ಬಾಕ್ಸ್ ಇರಬೇಕು, ಅದನ್ನು ನೋಡಿಕೊಳ್ಳುವವರಿಗೆ ಫಸ್ಟ್ ಏಡ್ ಸರ್ಟಿಫಿಕೇಟ್ ಇರಬೇಕು, ಕೆಲಸದ ಹೊತ್ತಿನಲ್ಲೆಲ್ಲ ಅವರು ಸಿಗಬೇಕು ಅಂತ 1948ರ ಫ್ಯಾಕ್ಟರಿ ಕಾಯ್ದೆಯ 45ನೇ ಸೆಕ್ಷನ್‌ನಲ್ಲೇ ಬರೆದಿದ್ದರು.

ಆ ದಿನ ಮಂಡಿಯೂರಿ ಕೂರೋಕೆ ಆಗುವ ಬಟ್ಟೆ ಹಾಕಿಕೊಂಡು ಹೋಗಿ. ಹಿಂದಿನ ಕುರ್ಚಿಯಲ್ಲಿ ಕೂತರೆ ಡಮ್ಮಿ ನಿಮ್ಮವರೆಗೆ ಬರೋದೇ ಇಲ್ಲ, ಮುಂದೆ ಕೂತು ನಿಮ್ಮ ಸರದಿ ಕೇಳಿ ತೆಗೆದುಕೊಳ್ಳಿ. ಟ್ರೈನಿಂಗ್ ಇಂಗ್ಲಿಷಿನಲ್ಲಿ ಓಡುತ್ತಿದ್ದರೆ ಕನ್ನಡದಲ್ಲಿ ಹೇಳಿ ಅಂತ ಕೇಳಿ, ಪಕ್ಕದಲ್ಲಿರುವ ಹೆಲ್ಪರ್‌ಗೂ ಅರ್ಥವಾಗಬೇಕಲ್ಲ. ಮುಗಿದ ಮೇಲೆ ನಿಮ್ಮ ಲೈನಿನ ಫಸ್ಟ್ ಏಡ್ ಬಾಕ್ಸ್ ತೆಗೆದು ಒಳಗೆ ಏನಿದೆ ನೋಡಿ. ಬೀಗ ಹಾಕಿದ್ದರೆ ತೆಗೆಸಿ. ನೈಟ್ ಶಿಫ್ಟ್‌ನಲ್ಲಿ ಟ್ರೈನಿಂಗ್ ಆದವರು ಯಾರಿರುತ್ತಾರೆ ಅಂತ ಎಚ್‌ಆರ್‌ಗೆ ಕೇಳಿ, ಯಾರೂ ಇಲ್ಲ ಅಂದರೆ ಆ ಶಿಫ್ಟಿನಿಂದಲೂ ಒಂದಿಬ್ಬರ ಹೆಸರು ನಿಮ್ಮ ಜೊತೆಗೇ ಸೇರಿಸಿ.