ಹ್ವಾಂಡೊ ಕೋಟೆ: ತಪ್ಪು ಗೋಡೆಯದಲ್ಲ

ಪ್ರಶ್ನೆ: ಕೊರಿಯನ್ನರ ಹಳೆಯ ಗೊಗುರ್ಯೊ ರಾಜ್ಯದ ಹ್ವಾಂಡೊ ಬೆಟ್ಟದ ಕೋಟೆ ಎರಡು ಸಲ ಶತ್ರುಗಳ ಪಾಲಾಯಿತಲ್ಲ, ಕಟ್ಟಿದ್ದೇ ಸರಿಯಿರಲಿಲ್ಲವೇ?

ಎಷ್ಟು ಸಲ ಉತ್ತರಿಸಿದರೂ ಈ ಪ್ರಶ್ನೆ ಮತ್ತೆ ಬರುತ್ತದೆ. ಪ್ರತಿ ಸಲವೂ ದೂರು ಗೋಡೆಯ ಮೇಲೆಯೇ. ಆ ಗೋಡೆಯನ್ನು ಹತ್ತಿರದಿಂದ ನೋಡಿ. ಕಲ್ಲುಗಳನ್ನು ಬೆಣೆಯ ಹಾಗೆ ಕೆತ್ತಿದ್ದಾರೆ. ಅಗಲದ ಮುಖ ಹೊರಗೆ, ಸಣ್ಣ ಬಾಲ ಒಳಗೆ. ಬಾಲಗಳ ಸಂದಿಗೆ ಬೇರೆ ಕಲ್ಲು ಸಿಕ್ಕಿಸಿ ಬಿಗಿ ಮಾಡಿದ್ದಾರೆ. ಜಾಗವೂ ಮೊರದ ಹಾಗಿದೆ: ಮೂರು ಕಡೆ ಏರು, ದಕ್ಷಿಣಕ್ಕೆ ಮಾತ್ರ ತಗ್ಗು. ಸುತ್ತಳತೆ ಸುಮಾರು 7 ಕಿ.ಮೀ. ಸಾಮಾನ್ಯ ದಿನಗಳಲ್ಲಿ ಆಳ್ವಿಕೆ ಕೆಳಗಿನ ಗುಂಗ್ನೆ ಪಟ್ಟಣದಲ್ಲಿ. ಯುದ್ಧ ಬಂದರೆ ಮೇಲಿನ ಕೋಟೆಗೆ.

ಎಡವಿದ್ದು ದಾರಿಯಲ್ಲಿ. 342ರಲ್ಲಿ ನೆರೆಯ ಯಾನ್ ರಾಜ್ಯದ ದೊರೆ ಮುರೊಂಗ್ ಹುವಾಂಗ್ ದಂಡೆತ್ತಿ ಬಂದ. ಅವನ ಕಣ್ಣಿದ್ದದ್ದು ಚೀನಾದ ಬಯಲಿನ ಮೇಲೆ. ಅತ್ತ ಹೊರಟಾಗ ಬೆನ್ನಿಗೆ ಗೊಗುರ್ಯೊ ಇರಬಾರದಿತ್ತು. ಇಲ್ಲಿಗೆ ಎರಡು ದಾರಿ: ಉತ್ತರದ್ದು ಅಗಲ, ದಕ್ಷಿಣದ್ದು ಇಕ್ಕಟ್ಟು. ದೊಡ್ಡ ಸೈನ್ಯ ಅಗಲದ ದಾರಿಯಲ್ಲೇ ಬರುತ್ತದೆ ಅಂತ ಗೊಗುರ್ಯೊದ ದೊರೆ ಗೊಗುಗ್ವೊನ್ ನಂಬಿದ. ಒಳ್ಳೆಯ ಸೈನಿಕರು 50,000 ಮಂದಿಯನ್ನು ಅತ್ತ ಕಳಿಸಿ, ಉಳಿದವರ ಜೊತೆ ತಾನು ದಕ್ಷಿಣದಲ್ಲಿ ನಿಂತ. ಹುವಾಂಗ್ ಉತ್ತರಕ್ಕೆ ಬರೀ 15,000 ಮಂದಿಯನ್ನು ಬಿಟ್ಟು, 40,000 ಮಂದಿಯೊಂದಿಗೆ ಇಕ್ಕಟ್ಟಿನ ದಾರಿಯಲ್ಲೇ ನುಗ್ಗಿದ. ದೊರೆ ಒಂಟಿಯಾಗಿ ಕುದುರೆ ಹತ್ತಿ ಓಡಿದ. ಕಾಯುವ ಕೈಗಳೇ ಬೇರೆ ಕಡೆ ಇದ್ದಾಗ ಗೋಡೆ ಏನು ಮಾಡಬೇಕಿತ್ತು, ಹೇಳಿ? (ಹಳೆಯ ಬರಹಗಳ ಈ ಲೆಕ್ಕಗಳನ್ನು ಅಂದಾಜು ಅಂತಲೇ ಓದಿ.)

244ರಲ್ಲೂ ಅಷ್ಟೇ. ಚೀನಾದ ವೇ ರಾಜ್ಯದ ಸೇನೆಯ ಎದುರು ಆಗಿನ ದೊರೆ ಮೊದಲು ಹೊರಗೆ ಸೋತ, ಕೋಟೆ ಕೈಬಿಟ್ಟಿದ್ದು ಆಮೇಲೆ.

ಇನ್ನೊಂದು ವಿಷಯ ಯಾರೂ ಕೇಳುವುದೇ ಇಲ್ಲ. 342ರಲ್ಲಿ ಉತ್ತರದ ದಾರಿಯಲ್ಲಿ ಗೆದ್ದಿದ್ದು ಗೊಗುರ್ಯೊ! ಅದಕ್ಕೇ ಹುವಾಂಗ್ ದೊರೆಯ ಬೆನ್ನಟ್ಟಲಿಲ್ಲ, ಅಲ್ಲಿ ನಿಲ್ಲಲೂ ಇಲ್ಲ. ಅರಮನೆ ಸುಟ್ಟ, ಕೋಟೆ ಕೆಡವಿದ, ದೊರೆಯ ತಂದೆಯ ಸಮಾಧಿ ಅಗೆದು ಹೆಣ ಹೊತ್ತೊಯ್ದ, ತಾಯಿಯನ್ನೂ ಸೆರೆ ಒಯ್ದ. ಮರುವರ್ಷ ಕಪ್ಪ ಕೊಟ್ಟ ಮೇಲೆ ಹೆಣ ವಾಪಸ್ ಬಂತು. ತಾಯಿ ಬಂದಿದ್ದು 355ರಲ್ಲಿ.

ಪ್ರಶ್ನೆ: ಗೊಗುರ್ಯೊದ ಇನ್ನೊಂದು ಕೋಟೆಯಾದ ಆನ್ಸಿಯ ಬಾಣ ಚೀನಾದ ಟಾಂಗ್ ಚಕ್ರವರ್ತಿಯ ಕಣ್ಣಿಗೆ ತಾಗಿತ್ತೇ?

ಇಲ್ಲ, ಅದು ನಂತರದ ಕಥೆ. 645ರಲ್ಲಿ ಅವನನ್ನು ಹಿಂದಕ್ಕೆ ಕಳಿಸಿದ್ದು ಬಗ್ಗದ ಕೋಟೆ, ಚಳಿ ಮತ್ತು ಖಾಲಿಯಾಗುತ್ತಿದ್ದ ದವಸ.

ಪ್ರಶ್ನೆ: ಅಯೋಧ್ಯೆಯ ರಾಜಕುಮಾರಿ ಈ ಕೋಟೆಯ ರಾಣಿಯಂತೆ?

ಆ ಕಥೆ ಕೊರಿಯಾದ ದಕ್ಷಿಣ ತುದಿಯ ಗಯಾ ರಾಜ್ಯದ್ದು, ಬರಹಕ್ಕೆ ಇಳಿದಿದ್ದು 13ನೇ ಶತಮಾನದಲ್ಲಿ. ಎರಡು ರಾಜ್ಯಗಳನ್ನು ಕಲಸಿ ವಿಡಿಯೊ ಮಾಡುವವರ ಮಾತನ್ನು ಸುಮ್ನೆ ನಂಬಬೇಡಿ.

ಪ್ರಶ್ನೆ: ನೋಡಲು ಉತ್ತರ ಕೊರಿಯಾಕ್ಕೆ ಹೋಗಬೇಕೇ?

ಬೇಡ. ಹ್ವಾಂಡೊ ಇರುವುದು ಚೀನಾದ ಜಿಲಿನ್ ಪ್ರಾಂತ್ಯದ ಜಿಆನ್‌ನಲ್ಲಿ. ಹೋದರೆ ದಯವಿಟ್ಟು ಗೋಡೆ ಹತ್ತಬೇಡಿ.